ಸ್ಪ್ಯಾನಿಷ್‌ನ ‘ಕೆದಾರ್’: ಇಂಗ್ಲಿಷ್ ಬದಿಗಿಟ್ಟು ಕನ್ನಡದಿಂದಲೇ ಕಲಿಯಿರಿ

ಸ್ಪ್ಯಾನಿಷ್ ಕಲಿಯಲು ಕೂತವರಿಗೆ ಮೊದಲ ಕೆಲವು ತಿಂಗಳು ಹೇಗೋ ಸಾಗುತ್ತದೆ. ‘ಸೇರ್’, ‘ಎಸ್ತಾರ್’ (ಎರಡಕ್ಕೂ ‘ಇರು’ ಅಂತ ಅರ್ಥ), ‘ತೆನೇರ್’ (ತನ್ನ ಹತ್ತಿರ ಇರು) ಬಾಯಿಗೆ ಬರುತ್ತವೆ. ಆಮೇಲೆ ‘ಕೆದಾರ್’ ಅನ್ನೋ ಕ್ರಿಯಾಪದ ಎದುರಾಗುತ್ತದೆ. ಒಂದು ಕಡೆ ಅದಕ್ಕೆ ‘ಉಳಿ’ ಅಂತ ಅರ್ಥ. ಇನ್ನೊಂದು ಕಡೆ ‘ಎಲ್ಲಿದೆ’. ಬಟ್ಟೆ ಅಂಗಡಿಗೆ ಹೋದರೆ ‘ಒಪ್ಪುತ್ತೆ’. ಸ್ಪೇನಿನ ಗೆಳೆಯರ ಬಾಯಲ್ಲಿ ‘ಸಿಗೋಣ’. ‘ಸೆ’ ಸೇರಿಸಿದರೆ ಮತ್ತೆ ನಾಲ್ಕಾರು ಅರ್ಥ.

ನಮ್ಮಲ್ಲಿ ಹೆಚ್ಚಿನವರು ಸ್ಪ್ಯಾನಿಷ್ ಕಲಿಯುವುದು ಇಂಗ್ಲಿಷ್ ಪುಸ್ತಕ, ಇಂಗ್ಲಿಷ್ ಆ್ಯಪ್ ಹಿಡಿದು. ಕೆದಾರ್ ವಿಷಯದಲ್ಲಿ ತೊಂದರೆ ಶುರುವಾಗುವುದೇ ಅಲ್ಲಿ. ಇಂಗ್ಲಿಷ್‌ನಲ್ಲಿ ಇದಕ್ಕೆ ಏಳೆಂಟು ಬೇರೆ ಬೇರೆ ಕ್ರಿಯಾಪದ ಬೇಕು, ಹಾಗಾಗಿ ಪುಸ್ತಕ ಏಳೆಂಟು ಅರ್ಥದ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿ ಅನ್ನುತ್ತದೆ. ಕನ್ನಡದಲ್ಲಿ ಅಷ್ಟು ಕಷ್ಟ ಇಲ್ಲ. ಉಳಿ, ಬರು, ಆಗು ಅನ್ನೋ ಮೂರು ಮಾತಿನಲ್ಲಿ ಇದರ ಬಹುಪಾಲು ಮುಗಿಯುತ್ತದೆ. ವಾಕ್ಯ ಕಟ್ಟುವ ರೀತಿ ಕೂಡ ನಮ್ಮದೇ.

ಮೊದಲು ಉಚ್ಚಾರ ಮತ್ತು ರೂಪಗಳು

ರೋಮನ್ ಲಿಪಿಯಲ್ಲಿ ಇದನ್ನು ಕ್ಯೂ, ಯು, ಇ, ಡಿ, ಎ, ಆರ್ ಅಂತ ಬರೆಯುತ್ತಾರೆ. ಆ ‘ಯು’ ಬಾಯಲ್ಲಿ ಬರುವುದಿಲ್ಲ. ಹಾಗಾಗಿ ಕ್ವೆದಾರ್ ಅಲ್ಲ, ಕೆದಾರ್. ‘ಡಿ’ ಅಕ್ಷರವನ್ನು ನಮ್ಮ ‘ದ’ ಥರ ಹಲ್ಲಿಗೆ ನಾಲಿಗೆ ತಾಗಿಸಿಯೇ ಹೇಳಬೇಕು, ‘ಡ’ ಅಲ್ಲ. ಎರಡು ಸ್ವರಗಳ ನಡುವೆ ಬಂದಾಗ ಇನ್ನೂ ಸಡಿಲ. ನಾಲಿಗೆ ಪೂರ್ತಿ ಒತ್ತದೆ ಗಾಳಿ ಸ್ವಲ್ಪ ಸೋರಿಹೋಗಲಿ.

ಈ ಲೇಖನದಲ್ಲಿ ಎಲ್ಲಿ ಒತ್ತು ಬೀಳುತ್ತದೋ ಅಲ್ಲಿ ದೀರ್ಘಾಕ್ಷರ ಬರೆದಿದ್ದೇನೆ. ಇದು ಸುಮ್ನೆ ಅಲಂಕಾರಕ್ಕಲ್ಲ. ‘ಕೇದೊ’ ಅಂದರೆ ‘ನಾನು ಉಳಿಯುತ್ತೇನೆ’. ‘ಕೆದೋ’ ಅಂದರೆ ‘ಅವನು ಉಳಿದ’ ಅಥವಾ ‘ಅದು ಉಳಿಯಿತು’. ಒತ್ತು ಜಾಗ ಬದಲಿಸಿದರೆ ಆಳೂ ಬದಲು, ಕಾಲವೂ ಬದಲು.

ರೂಪಗಳು ಸಲೀಸು. ‘ಆರ್’ ಅಂತ ಕೊನೆಯಾಗುವ ಸಾಮಾನ್ಯ ಕ್ರಿಯಾಪದಗಳ ಹಾದಿಯಲ್ಲೇ ಇದೂ ನಡೆಯುತ್ತದೆ. ವರ್ತಮಾನದಲ್ಲಿ ಕೇದೊ, ಕೇದಸ್, ಕೇದ, ಕೆದಾಮೊಸ್, ಕೆದಾಯ್ಸ್, ಕೇದನ್. ಮುಗಿದ ಭೂತಕಾಲದಲ್ಲಿ ಕೆದೇ, ಕೆದಾಸ್ತೆ, ಕೆದೋ, ಕೆದಾಮೊಸ್, ಕೆದಾಸ್ತೆಯ್ಸ್, ಕೆದಾರೊನ್. ‘ಕೆದಾಮೊಸ್’ ಎರಡೂ ಕಡೆ ಒಂದೇ ಥರ ಇದೆ. ಯಾವ ಕಾಲ ಅನ್ನುವುದು ಮಾತಿನ ಸಂದರ್ಭದಿಂದ ಗೊತ್ತಾಗುತ್ತದೆ. ಇಷ್ಟನ್ನೂ ಒಂದೇ ಸಲಕ್ಕೆ ಕಲಿಯಬೇಕಿಲ್ಲ. ಕೇದ, ಕೇದನ್, ಕೆದೋ, ಕೆದೇ ಈ ನಾಲ್ಕು ಗಟ್ಟಿಯಾದರೆ ಶುರು ಮಾಡಲು ಸಾಕು.

ಹಂತ 1: ‘ನಂಗೆ ಉಳಿದಿದೆ’

ಇದು ಇಡೀ ವಿಷಯದ ಬೀಗದ ಕೈ, ಹಾಗಾಗಿ ಇಲ್ಲಿ ಸ್ವಲ್ಪ ನಿಧಾನ ಮಾಡೋಣ.

‘ಮೆ ಗೂಸ್ತ’ ಅಂದರೆ ‘ನನಗೆ ಇಷ್ಟ’ ಅಂತ ಈಗಾಗಲೇ ಕಲಿತಿರುತ್ತೀರಿ. ಇಂಗ್ಲಿಷ್ ಮಾತಾಡುವವರು ಈ ವಾಕ್ಯದಲ್ಲಿ ತಿಂಗಳುಗಟ್ಟಲೆ ಒದ್ದಾಡುತ್ತಾರೆ, ಯಾಕೆಂದರೆ ಅವರಲ್ಲಿ ‘ನಾನು’ ಇಷ್ಟಪಡಬೇಕು. ನಮ್ಮಲ್ಲಿ ‘ನನಗೆ’ ಇಷ್ಟವಾಗುತ್ತದೆ. ಕೆದಾರ್ ಕೂಡ ಇದೇ ದಾರಿ.

‘ಮೆ ಕೇದನ್ ತ್ರೇಸ್ ದೀಯಸ್.’ ಪದಕ್ಕೆ ಪದ ಇಟ್ಟರೆ: ನನಗೆ, ಉಳಿದಿವೆ, ಮೂರು ದಿನ. ‘ನಂಗೆ ಇನ್ನು ಮೂರು ದಿನ ಉಳಿದಿದೆ’ ಅಂತ ನಾವು ದಿನಾ ಹೇಳುವ ಮಾತೇ ಅಲ್ವಾ? ‘ಮೆ ಕೇದನ್ ದ್ಯೇಸ್ ಪೇಸೊಸ್’ ಅಂದರೆ ನನ್ನ ಹತ್ತಿರ ಹತ್ತು ಪೆಸೊ ಉಳಿದಿದೆ. ‘ನಾನು’ ಅನ್ನುವುದನ್ನು ಕರ್ತೃ ಮಾಡಿ ‘ಯೊ ಕೇದೊ ದ್ಯೇಸ್ ಪೇಸೊಸ್’ ಅಂದರೆ ಅದು ವಾಕ್ಯವೇ ಆಗುವುದಿಲ್ಲ.

ನನಗೆ, ನಿನಗೆ ಅನ್ನೋ ಸಾಲು ಹೀಗಿದೆ: ‘ಮೆ’ ನನಗೆ, ‘ತೆ’ ನಿನಗೆ, ‘ಲೆ’ ಅವನಿಗೆ ಅಥವಾ ಅವಳಿಗೆ, ‘ನೊಸ್’ ನಮಗೆ, ‘ಲೆಸ್’ ಅವರಿಗೆ. ಒಬ್ಬರನ್ನೇ ಗೌರವದಿಂದ ‘ನಿಮಗೆ’ ಅನ್ನಬೇಕಾದರೆ ಅದಕ್ಕೂ ‘ಲೆ’.

ಎರಡು ಕಡೆ ಮಾತ್ರ ಕನ್ನಡದ ಅಭ್ಯಾಸ ನಮ್ಮನ್ನು ಎಡವಿಸುತ್ತದೆ. ಒಂದು, ಬಹುವಚನ. ನಾವು ‘ಒಂದು ದಿನ ಉಳಿದಿದೆ’, ‘ಮೂರು ದಿನ ಉಳಿದಿದೆ’ ಎರಡಕ್ಕೂ ಒಂದೇ ಕ್ರಿಯಾಪದ ಹಾಕಿ ಮುಂದೆ ಹೋಗುತ್ತೇವೆ. ಸ್ಪ್ಯಾನಿಷ್ ಅದನ್ನು ಬಿಡುವುದಿಲ್ಲ. ಒಂದು ದಿನ ಇದ್ದರೆ ‘ಮೆ ಕೇದ ಉನ್ ದೀಯ’, ಮೂರು ದಿನ ಇದ್ದರೆ ‘ಮೆ ಕೇದನ್’. ಉಳಿದಿರುವ ವಸ್ತು ಎಷ್ಟು ಅನ್ನುವುದರ ಮೇಲೆ ಕ್ರಿಯಾಪದ ನಿಲ್ಲುತ್ತದೆ, ಯಾರಿಗೆ ಉಳಿದಿದೆ ಅನ್ನುವುದರ ಮೇಲಲ್ಲ. ಎರಡು, ಹೆಸರು ಹೇಳುವಾಗ. ‘ಆನಾಗೆ ಎರಡು ದಿನ ಉಳಿದಿದೆ’ ಅಂತ ನಾವು ಒಂದು ‘ಗೆ’ಯಲ್ಲಿ ಮುಗಿಸುತ್ತೇವೆ. ಅಲ್ಲಿ ‘ಅ ಆನ ಲೆ ಕೇದನ್ ದೋಸ್ ದೀಯಸ್’. ಅಂದರೆ ‘ಆನಾಗೆ’ ಅಂದಮೇಲೂ ಇನ್ನೊಂದು ಸಲ ‘ಅವಳಿಗೆ’ ಅನ್ನಬೇಕು. ಆ ‘ಲೆ’ ದಂಡ ಅನ್ನಿಸಬಹುದು, ಆದರೆ ಬಿಡಬೇಡಿ.

‘ಯಾರಿಗೆ’ ಅನ್ನುವುದು ಇಲ್ಲದೆಯೂ ವಾಕ್ಯ ಆಗುತ್ತದೆ. ‘ಕೇದ ಪಾನ್?’ ಅಂದರೆ ಬ್ರೆಡ್ ಉಳಿದಿದೆಯಾ? ‘ನೊ ಕೇದ ನಾದ’, ಏನೂ ಉಳಿದಿಲ್ಲ. ‘ಯ ನೊ ಕೇದನ್ ಎಂತ್ರಾದಸ್’, ಟಿಕೆಟ್ ಎಲ್ಲ ಖಾಲಿ. ‘ನೊ ಮೆ ಕೇದ ಓತ್ರ’ ಅಂದರೆ ನನಗೆ ಬೇರೆ ದಾರಿ ಉಳಿದಿಲ್ಲ. ಇದನ್ನು ಇಡಿಯಾಗಿ ಕಲಿತಿಟ್ಟುಕೊಳ್ಳಿ, ತುಂಬಾ ಕಡೆ ಕಿವಿಗೆ ಬೀಳುತ್ತದೆ.

‘ಫಲ್ತಾರ್’ ಅನ್ನೋ ಕ್ರಿಯಾಪದದ ಜೊತೆ ಇದನ್ನು ಕಲಸಿಕೊಳ್ಳಬೇಡಿ. ‘ಮೆ ಕೇದನ್ ದ್ಯೇಸ್ ಪೇಸೊಸ್’ ಅಂದರೆ ಜೇಬಿನಲ್ಲಿ ಹತ್ತು ಪೆಸೊ ಇದೆ. ‘ಮೆ ಫಾಲ್ತನ್ ದ್ಯೇಸ್ ಪೇಸೊಸ್’ ಅಂದರೆ ಹತ್ತು ಪೆಸೊ ಕಮ್ಮಿ ಬಿದ್ದಿದೆ. ಅಂಗಡಿ ಕೌಂಟರ್ ಮುಂದೆ ನಿಂತಾಗ ಈ ಎರಡರ ನಡುವೆ ಬಹಳ ಅಂತರ. ಸಮಯದ ಮಾತು ಬಂದರೆ ಮಾತ್ರ ಎರಡೂ ನಡೆಯುತ್ತವೆ. ಮದುವೆಗೆ ಎರಡು ವಾರ ಇದೆ ಅನ್ನಲು ಕೇದನ್ ಅಂದರೂ ಸರಿ, ಫಾಲ್ತನ್ ಅಂದರೂ ಸರಿ.

ಹಂತ 2: ‘ಎಲ್ಲಿ ಬರುತ್ತೆ?’

‘ದೋಂದೆ ಕೇದ ಲ ಫರ್ಮಾಸ್ಯ?’ ಮೆಡಿಕಲ್ ಶಾಪ್ ಎಲ್ಲಿದೆ? ಲ್ಯಾಟಿನ್ ಅಮೆರಿಕದಲ್ಲಿ ದಾರಿ ಕೇಳುವಾಗ ಇದು ತೀರಾ ಸಾಮಾನ್ಯ. ಉತ್ತರ ‘ಕೇದ ಅ ದೋಸ್ ಕ್ವಾದ್ರಸ್’ ಅಂತ ಬರಬಹುದು, ಅಂದರೆ ಎರಡು ಬ್ಲಾಕ್ ಆಚೆ.

ಇಲ್ಲಿ ‘ಎಸ್ತಾರ್’ ಬಳಸಿದರೂ ತಪ್ಪಿಲ್ಲ. ಆದರೆ ಕೆದಾರ್‌ಗೆ ಒಂದು ಕಟ್ಟುಪಾಡಿದೆ. ಜಾಗ ಬಿಟ್ಟು ಕದಲದ ವಸ್ತುಗಳಿಗೆ ಮಾತ್ರ ಅದು ಸಲ್ಲುತ್ತದೆ: ಕಟ್ಟಡ, ಊರು, ಬೀದಿ, ಸ್ಟೇಷನ್. ನಾವು ‘ಮಲ್ಲೇಶ್ವರ ಎಲ್ಲಿ ಬರುತ್ತೆ?’, ‘ಆ ಬ್ಯಾಂಕ್ ಎಲ್ಲಿ ಬರುತ್ತೆ?’ ಅಂತ ಕೇಳುತ್ತೇವಲ್ಲ, ಆ ‘ಬರುತ್ತೆ’ಗೂ ಇದೇ ಕಟ್ಟು. ‘ರಮೇಶ ಎಲ್ಲಿ ಬರ್ತಾನೆ?’ ಅಂದರೆ ಅರ್ಥ ಬೇರೆಯೇ. ಹಾಗೆಯೇ ಹುವಾನ್ ಅಡುಗೆಮನೆಯಲ್ಲಿದ್ದಾನೆ ಅನ್ನಲು ‘ಎಸ್ತಾ’ ಬೇಕು, ‘ಕೇದ’ ಆಗದು. ‘ಎಲ್ಲಿ ಬರುತ್ತೆ’ ಅಂತ ಕೇಳಬಹುದಾದ ಕಡೆ ಕೆದಾರ್ ಹಾಕಿ. ಕಾರ್ಯಕ್ರಮ, ಮೀಟಿಂಗ್‌ಗಳಿಗೆ ಎರಡೂ ಅಲ್ಲ, ಅಲ್ಲಿ ‘ಸೇರ್’.

ಇದಕ್ಕೂ ‘ಗೆ’ ಅಂಟಿಸಬಹುದು. ‘ಮೆ ಕೇದ ಲೇಹೊಸ್’ ಅಂದರೆ ‘ನಂಗೆ ದೂರ ಆಗುತ್ತೆ’. ‘ಮೆ ಕೇದ ಸೇರ್ಕ’ ಅಂದರೆ ‘ನಂಗೆ ಹತ್ತಿರ ಆಗುತ್ತೆ’. ಜಾಗ ದೂರ ಇದೆ ಅನ್ನುವುದಕ್ಕೂ ನನಗೆ ದೂರ ಆಗುತ್ತೆ ಅನ್ನುವುದಕ್ಕೂ ಇರುವ ವ್ಯತ್ಯಾಸ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಹಂತ 3: ಬಟ್ಟೆ ಅಂಗಡಿಯಲ್ಲಿ

ಟ್ರಯಲ್ ರೂಮಿನಿಂದ ಹೊರಗೆ ಬಂದು ‘ಕೋಮೊ ಮೆ ಕೇದ?’ ಅಂತ ಕೇಳಿ. ‘ನಂಗೆ ಹೇಗೆ ಕಾಣ್ಸುತ್ತೆ?’ ಅಂತ ಅರ್ಥ. ಜೊತೆಗಿದ್ದವರು ‘ತೆ ಕೇದ ಬ್ಯೇನ್’ ಅಂದರೆ ನಿಂಗೆ ಚೆನ್ನಾಗಿ ಒಪ್ಪುತ್ತೆ ಅಂತ. ಅಳತೆಗೂ ಇದೇ ಕ್ರಿಯಾಪದ. ‘ಲ ಕಮೀಸ ಮೆ ಕೇದ ಗ್ರಾಂದೆ’ ಅಂದರೆ ‘ಶರ್ಟು ನಂಗೆ ದೊಡ್ಡದಾಗುತ್ತೆ’. ಶೂ ಆದರೆ ಎರಡಿವೆ, ಆದ್ದರಿಂದ ‘ಲೊಸ್ ಸಪಾತೊಸ್ ಮೆ ಕೇದನ್ ಗ್ರಾಂದೆಸ್’. ಚಿಕ್ಕದು ಅನ್ನಲು ಲ್ಯಾಟಿನ್ ಅಮೆರಿಕದಲ್ಲಿ ‘ಚೀಕೊ’ ಜಾಸ್ತಿ, ಸ್ಪೇನಿನಲ್ಲಿ ‘ಪೆಕೇನ್ಯೊ’.

ಇದೇ ಮಾತು ಹುದ್ದೆಗೂ ಹೋಗುತ್ತದೆ. ‘ಎಲ್ ಪ್ವೇಸ್ತೊ ಲೆ ಕೇದ ಗ್ರಾಂದೆ’, ಆ ಕೆಲಸ ಅವನ ಅಳತೆಗೆ ದೊಡ್ಡದು. ಆಫೀಸಿನಲ್ಲಿ ಯಾರ ಬಗ್ಗೆಯಾದರೂ ಹೀಗೆ ಹೇಳುವಾಗ ದನಿ ಸಣ್ಣದಿರಲಿ.

ಹಂತ 4: ಕೊನೆಗೆ ಹೇಗಾಯ್ತು?

ಒಂದು ಕೆಲಸ ಮುಗಿದ ಮೇಲೆ ಅದು ಯಾವ ಸ್ಥಿತಿಗೆ ಬಂತು ಅನ್ನುವುದಕ್ಕೂ ಕೆದಾರ್. ಅಡುಗೆಮನೆಯಲ್ಲಿ ಇದು ಚೆನ್ನಾಗಿ ಕಿವಿಗೆ ಬೀಳುತ್ತದೆ. ‘ಎಲ್ ಅರ್ರೋಸ್ ಕೆದೋ ಕ್ರೂದೊ’, ಅನ್ನ ಬೇಯಲೇ ಇಲ್ಲ, ಹಸಿಯಾಗೇ ಉಳೀತು. ಯಾರದೋ ಮನೆಯಲ್ಲಿ ಊಟ ಮಾಡಿ ಹೊಗಳಬೇಕೆಂದರೆ ‘ತೆ ಕೆದೋ ಮುಯ್ ರೀಕೊ’ ಅನ್ನಿ. ‘ತುಂಬಾ ಚೆನ್ನಾಗಿ ಬಂದಿದೆ’ ಅಂತ ನಾವು ಅಡುಗೆ ಮಾಡಿದವರಿಗೆ ಹೇಳುವ ಮಾತೇ ಇದು. ಸುಮ್ನೆ ರುಚಿಯಾಗಿದೆ ಅನ್ನುವುದಕ್ಕಿಂತ ಇದರಲ್ಲಿ ಕೈಗುಣದ ಮೆಚ್ಚುಗೆ ಇದೆ, ಯಾಕೆಂದರೆ ‘ತೆ’ ಅಂದರೆ ‘ನಿನ್ನ ಕೈಯಲ್ಲಿ’ ಹಾಗೆ ಬಂತು ಅಂತ. ಹಿರಿಯರಿಗಾದರೆ ‘ಲೆ ಕೆದೋ’.

ಆಟದ ಫಲಿತಾಂಶಕ್ಕೂ ಇದೇ. 2022ರ ಕತಾರ್ ವಿಶ್ವಕಪ್ ಫುಟ್‌ಬಾಲ್‌ನಲ್ಲಿ ‘ಕ್ರೊಆಸ್ಯ ಕೆದೋ ತೆರ್ಸೇರ’, ಅಂದರೆ ಕ್ರೊಯೇಷಿಯ ಮೂರನೇ ಸ್ಥಾನಕ್ಕೆ ಬಂತು.

ಸ್ಥಿತಿಯಿಂದ ಮರ್ಯಾದೆಗೆ ಒಂದೇ ಹೆಜ್ಜೆ. ‘ಕೆದಾರ್ ಬ್ಯೇನ್’ ಅಂದರೆ ನಾಲ್ಕು ಜನರ ಮುಂದೆ ಒಳ್ಳೆಯವರಾಗುವುದು. ‘ಕೆದಾರ್ ಮಾಲ್’ ಅಂದರೆ ಕೆಟ್ಟವರಾಗುವುದು. ಬೇಡ ಅನ್ನಲಾರದೆ ಮೂರನೇ ಸಲ ಬಡಿಸಿಕೊಂಡದ್ದು ಯಾಕೆ ಅಂದರೆ ‘ಪೊರ್ ನೊ ಕೆದಾರ್ ಮಾಲ್’, ಚೆನ್ನಾಗಿರಲ್ಲ ಅಂತ. ನಮ್ಮ ಮದುವೆ ಮನೆಗಳಲ್ಲಿ ಮಾತಿಗೊಮ್ಮೆ ಬೇಕಾಗುವ ಪದ.

ಹಂತ 5: ‘ಏನಂತ ಆಯ್ತು?’

ಇಬ್ಬರು ಮಾತಾಡಿ ಒಂದು ತೀರ್ಮಾನಕ್ಕೆ ಬರುವುದು ‘ಕೆದಾರ್ ಎನ್’. ‘ಕೆದಾಮೊಸ್ ಎನ್ ಬೇರ್ನೊಸ್ ಎಲ್ ಲೂನೆಸ್’ ಅಂದರೆ ‘ಸೋಮವಾರ ಸಿಗೋದು ಅಂತ ಆಯ್ತು’. ಅರ್ಧ ಗಂಟೆ ಚರ್ಚೆ ಆಗಿಯೂ ಏನೂ ಇತ್ಯರ್ಥ ಆಗದಿದ್ದರೆ ‘ಎನ್ ಕೇ ಕೆದಾಮೊಸ್?’ ಅಂತ ಕೇಳುತ್ತಾರೆ. ಕೊನೆಗೆ ಏನಂತ ಆಯ್ತು? ಮೆಕ್ಸಿಕೊ, ಕೊಲಂಬಿಯ, ಚಿಲಿ ಕಡೆ ‘ಎನ್’ ಬದಲು ‘ದೆ’ ಕೇಳಿಸುತ್ತದೆ: ‘ಕೆದೇ ದೆ ಯಮಾರ್ತೆ’, ನಿಂಗೆ ಫೋನ್ ಮಾಡ್ತೀನಿ ಅಂದಿದ್ದೆ.

ಸ್ಪೇನಿಗೆ ಹೋಗುವವರಿಗೆ ಇನ್ನೊಂದು ಬೇಕು. ಅಲ್ಲಿ ಗೆಳೆಯರ ಜೊತೆ ಹೊರಗೆ ಸಿಗುವುದಕ್ಕೂ ಕೆದಾರ್ ಅನ್ನುತ್ತಾರೆ. ‘ಕೆದಾಮೊಸ್ ಅ ಲಸ್ ಓಚೊ?’ ಅಂದರೆ ‘ಎಂಟಕ್ಕೆ ಸಿಗೋಣ್ವಾ?’ ‘ಎ ಕೆದಾದೊ ಕೊನ್ ಆನ’ ಅಂದರೆ ಆನಾ ಜೊತೆ ಸಿಗೋ ಪ್ಲ್ಯಾನ್ ಇದೆ. ವ್ಯಾಕರಣ ಹಿಂದಿನದ್ದನ್ನು ಹೇಳುತ್ತಿದ್ದರೂ ಭೇಟಿ ಇನ್ನೂ ಆಗಿಲ್ಲ. ಆಗಿರುವುದು ಮಾತುಕತೆ ಮಾತ್ರ. ಈ ಒಂದು ಬಳಕೆಗೆ ಕನ್ನಡದ ಆಸರೆ ಅಷ್ಟಾಗಿ ಸಿಗುವುದಿಲ್ಲ, ಬೇರೆಯಾಗಿಯೇ ಕಲಿಯಬೇಕು. ಲ್ಯಾಟಿನ್ ಅಮೆರಿಕದವರ ಜೊತೆ ಇದರ ಬದಲು ‘ನೊಸ್ ಬೇಮೊಸ್’ (ಸಿಗೋಣ) ಅನ್ನಿ, ಗೊಂದಲ ಇರುವುದಿಲ್ಲ.

ಹಂತ 6: ‘ಸೆ’ ಸೇರಿದಾಗ, ಅಂದರೆ ನಮ್ಮ ‘ಕೊಳ್ಳು’

‘ಕೆದಾರ್ಸೆ’ ಅನ್ನೋ ರೂಪ ನೋಡಿ ಹೆದರುವವರೇ ಹೆಚ್ಚು. ನನ್ನ ಪ್ರಕಾರ ಕನ್ನಡಿಗರಿಗೆ ಇದೇ ಅತ್ಯಂತ ಸುಲಭದ ಭಾಗ. ‘ಉಳಿ’ ಮತ್ತು ‘ಉಳಿದುಕೊಳ್ಳು’ ನಡುವೆ ಏನು ವ್ಯತ್ಯಾಸ ಅಂತ ನಿಮ್ಮ ಕಿವಿಗೆ ಗೊತ್ತು. ಅನ್ನ ಉಳಿಯುತ್ತದೆ, ನೆಂಟರು ಉಳಿದುಕೊಳ್ಳುತ್ತಾರೆ. ಕೆದಾರ್ ಮತ್ತು ಕೆದಾರ್ಸೆ ನಡುವೆ ಇರುವುದೂ ಹೆಚ್ಚುಕಮ್ಮಿ ಅದೇ.

‘ಮೆ ಕೆದೇ ಎನ್ ಕಾಸ’, ನಾನು ಮನೆಯಲ್ಲೇ ಉಳಕೊಂಡೆ. 2020ರಲ್ಲಿ ಕೊರೊನಾ ಬಂದಾಗ ಸ್ಪ್ಯಾನಿಷ್ ದೇಶಗಳಲ್ಲೆಲ್ಲ ‘ಕೇದತೆ ಎನ್ ಕಾಸ’ ಅನ್ನೋ ಘೋಷಣೆ ತುಂಬಿತ್ತು. ಮನೆಯಲ್ಲೇ ಇರು. ಅರ್ಜೆಂಟೀನಾದಲ್ಲಿ ಇದನ್ನೇ ‘ಕೆದಾತೆ’ ಅನ್ನುತ್ತಾರೆ, ಒತ್ತು ಮುಂದಕ್ಕೆ ಜಾರುತ್ತದೆ. ಗೌರವಕ್ಕೆ ‘ಕೇದೆಸೆ’, ಇರಿ.

ಈಗ ‘ಕೊನ್’, ಅಂದರೆ ‘ಜೊತೆ’, ಸೇರಿಸಿ. ‘ಕೇದೆಸೆ ಕೊನ್ ಎಲ್ ಬ್ವೇಲ್ತೊ’, ಚಿಲ್ಲರೆ ನೀವೇ ಇಟ್ಟುಕೊಳ್ಳಿ. ಲ್ಯಾಟಿನ್ ಅಮೆರಿಕದ ಟ್ಯಾಕ್ಸಿಯಲ್ಲಿ ಕೆಲಸಕ್ಕೆ ಬರುವ ಮಾತು. ನಾಲ್ಕು ಬಟ್ಟೆ ನೋಡಿ ಒಂದನ್ನು ಆರಿಸಿದಾಗ ‘ಮೆ ಕೇದೊ ಕೊನ್ ಏಸ್ತೆ’, ಇದನ್ನೇ ತಗೋತೀನಿ. ಇಟ್ಟುಕೊಳ್ಳು, ತೆಗೆದುಕೊಳ್ಳು, ಎರಡರಲ್ಲೂ ‘ಕೊಳ್ಳು’ ಇದೆ ನೋಡಿ.

‘ಸಿನ್’ ಅಂದರೆ ‘ಇಲ್ಲದೆ’. ‘ಮೆ ಕೆದೇ ಸಿನ್ ಬತೆರೀಯ’ ಅಂದರೆ ನನ್ನ ಫೋನ್ ಚಾರ್ಜ್ ಖಾಲಿಯಾಯ್ತು. ಪೆಟ್ರೋಲು, ದುಡ್ಡು, ಕೆಲಸ, ಏನು ಕೈಬಿಟ್ಟರೂ ಇದೇ ಅಚ್ಚು.

ಮನುಷ್ಯರ ಸ್ಥಿತಿ ಬದಲಾದಾಗ ‘ಕೊಳ್ಳು’ ಸಾಲದು, ‘ಬಿಡು’ ಬೇಕಾಗುತ್ತದೆ. ‘ಸೆ ಕೆದೋ ದೊರ್ಮೀದೊ’, ನಿದ್ದೆ ಹೋಗಿಬಿಟ್ಟ. ಹೆಂಗಸಾದರೆ ‘ದೊರ್ಮೀದ’. ‘ಸೆ ಕೆದೋ ಕಯಾದೊ’, ಸುಮ್ಮನಾಗಿಬಿಟ್ಟ. ‘ಸೆ ಕೆದೋ ಮಿರಾಂದೊ’ ಅಂದರೆ ನೋಡ್ತಾ ನಿಂತುಬಿಟ್ಟ. ಕುರುಡಾಗುವುದು, ಕಿವುಡಾಗುವುದು, ತಲೆ ಬೋಳಾಗುವುದು, ಒಂಟಿಯಾಗುವುದು, ಇವೆಲ್ಲ ಕೆದಾರ್ಸೆ ಪಾಲಿಗೆ ಬರುತ್ತವೆ. ಶ್ರೀಮಂತನಾಗುವುದು, ಡಾಕ್ಟರ್ ಆಗುವುದು ಬರುವುದಿಲ್ಲ. ಕಷ್ಟಪಟ್ಟು ಗಳಿಸಿದ್ದಕ್ಕೆ ಬೇರೆ ಕ್ರಿಯಾಪದಗಳಿವೆ.

ಈ ಗುಂಪಿನಲ್ಲಿ ನನಗೆ ತುಂಬಾ ಹಿಡಿಸುವುದು ಬೀಗದ ಕೈ ಮರೆತಾಗ ಲ್ಯಾಟಿನ್ ಅಮೆರಿಕದವರು ಹೇಳುವ ಮಾತು. ‘ಸೆ ಮೆ ಕೆದಾರೊನ್ ಲಸ್ ಯಾಬೆಸ್ ಎನ್ ಲ ಕಾಸ.’ ಕೀಗಳು ತಾವಾಗಿಯೇ ಮನೆಯಲ್ಲಿ ಉಳಿದುಹೋದವು, ಪಾಪ, ನನ್ನ ತಪ್ಪೇನೂ ಇಲ್ಲ! ‘ಕೀ ಮನೆಯಲ್ಲೇ ಉಳಕೊಂಡ್ಬಿಡ್ತು’ ಅಂತ ನಾವೂ ಹೀಗೇ ತಪ್ಪಿಸಿಕೊಳ್ಳುತ್ತೇವೆ. ಸ್ಪೇನಿನಲ್ಲಿ ಇದಕ್ಕೆ ಸಾಮಾನ್ಯವಾಗಿ ‘ದೆಹಾರ್’ ಬಳಸಿ ‘ಬಿಟ್ಟು ಬಂದೆ’ ಅಂತ ಒಪ್ಪಿಕೊಳ್ಳುತ್ತಾರೆ.

ಅಭ್ಯಾಸ ಹೇಗೆ?

ಆರು ಹಂತವನ್ನೂ ಒಂದೇ ದಿನ ಓದಿ ಮುಗಿಸಬೇಡಿ. ಹಂತ 1 ಗಟ್ಟಿಯಾಗುವವರೆಗೆ ಮುಂದೆ ಹೋಗುವುದು ದಂಡ, ಯಾಕೆಂದರೆ 2, 3, 4 ಎಲ್ಲ ಅದರ ಮೇಲೇ ನಿಂತಿವೆ. ಒಂದು ಪುಸ್ತಕದಲ್ಲಿ ಎಡಗಡೆ ನೀವು ನಿಜವಾಗಿ ಆಡುವ ಕನ್ನಡ ವಾಕ್ಯ ಬರೆಯಿರಿ. ಬಲಗಡೆ ಸ್ಪ್ಯಾನಿಷ್. ನಡುವೆ ಇಂಗ್ಲಿಷ್ ಅರ್ಥ ಬರೆಯಬೇಡಿ. ‘ನಂಗೆ’ ಅಂತ ಶುರುವಾಗುವ ವಾಕ್ಯಗಳನ್ನು ಒಂದು ಪುಟದಲ್ಲಿ, ‘ಕೊಂಡೆ’, ‘ಬಿಟ್ಟೆ’ ಅಂತ ಮುಗಿಯುವುದನ್ನು ಇನ್ನೊಂದು ಪುಟದಲ್ಲಿ ಹಾಕಿ.

ಅನುಮಾನ ಬಂದರೆ ಸ್ಪೇನಿನ ರೆಯಾಲ್ ಅಕಾದೆಮಿಯ ನಿಘಂಟು ನೋಡಿ. 1713ರಲ್ಲಿ ಶುರುವಾದ ಸಂಸ್ಥೆ, ಅದರ ನಿಘಂಟು ಆನ್‌ಲೈನ್‌ನಲ್ಲಿ ಉಚಿತ. ವಿವರಣೆ ಸ್ಪ್ಯಾನಿಷ್‌ನಲ್ಲೇ ಇರುತ್ತದೆ, ಆದರೆ ‘ಸೆ’ ಸೇರಿದ ಬಳಕೆಗೆ ಬೇರೆ ಗುರುತು ಹಾಕಿರುತ್ತಾರೆ, ಹುಡುಕುವುದು ಕಷ್ಟವಾಗದು. ತರಗತಿ, ಪರೀಕ್ಷೆ ಬೇಕು ಅನ್ನುವವರಿಗೆ ದೆಹಲಿಯಲ್ಲಿ ಸ್ಪೇನ್ ಸರ್ಕಾರದ ಇನ್‌ಸ್ತಿತೂತೊ ಸೆರ್ಬಾಂತೆಸ್ ಇದೆ.

ಈಗ ಇವನ್ನು ಉತ್ತರ ನೋಡದೆ ಹೇಳಿ ನೋಡಿ. ‘ನಮಗೆ ಎರಡು ದಿನ ಉಳಿದಿದೆ.’ ‘ಸ್ಟೇಷನ್ ನಂಗೆ ದೂರ ಆಗುತ್ತೆ.’ ‘ಶೂ ಅವನಿಗೆ ಚಿಕ್ಕದಾಗುತ್ತೆ.’ ‘ಆನಾ ನಿದ್ದೆ ಹೋಗಿಬಿಟ್ಟಳು.’ ‘ದುಡ್ಡು ಖಾಲಿಯಾಯ್ತು ನಂದು.’

ಉತ್ತರಗಳು ಇದೇ ಕ್ರಮದಲ್ಲಿ: ನೊಸ್ ಕೇದನ್ ದೋಸ್ ದೀಯಸ್. ಲ ಎಸ್ತಸ್ಯೋನ್ ಮೆ ಕೇದ ಲೇಹೊಸ್. ಲೊಸ್ ಸಪಾತೊಸ್ ಲೆ ಕೇದನ್ ಚೀಕೊಸ್. ಆನ ಸೆ ಕೆದೋ ದೊರ್ಮೀದ. ಮೆ ಕೆದೇ ಸಿನ್ ದಿನೇರೊ. ಮೊದಲನೆಯದರಲ್ಲಿ ‘ನೊಸ್ ಕೇದ’ ಅಂದಿದ್ದರೆ ಹಂತ 1ಕ್ಕೆ ವಾಪಸ್ ಹೋಗಿ. ಕೊನೆಯದರಲ್ಲಿ ‘ಕೇದೊ’ ಬಂದಿದ್ದರೆ ಅರ್ಥ ಆಗುತ್ತದೆ, ಕಾಲ ಮಾತ್ರ ತಪ್ಪು.